ಬಯೋಡೆಂಟಿನ್ ಹಾಕಿದ ಮೇಲೆ ಫಿಲ್ಲಿಂಗ್‌ಗೆ ಎರಡು ವಾರ ಕಾಯಿಸೋದು ಯಾಕೆ?

ಹುಳುಕು ಕೊರೆಯುವಾಗ ನರ ಕಂಡಿತು ಅಂತ ಡಾಕ್ಟರು ಬಯೋಡೆಂಟಿನ್ ತುಂಬಿ ಕಳಿಸಿದ್ದಾರೆ, ಮೇಲಿನ ಬಿಳಿ ಫಿಲ್ಲಿಂಗ್‌ಗೆ ಎರಡು ವಾರ ಬಿಟ್ಟು ಬನ್ನಿ ಅಂದಿದ್ದಾರೆ, ಇದು ಎರಡು ಸಲ ಫೀಸು ಕೀಳೋ ಉಪಾಯವಾ ಅಂತ ಕೇಳಿದ್ದೀರಿ.

ನನಗೇನೋ ಹಾಗನ್ನಿಸಲ್ಲ. ನಾನೂ ಹಲ್ಲಿನ ಡಾಕ್ಟರೇ. ಎಂಡಿಎಸ್ ಓದುವಾಗ ನನ್ನ ಥೀಸಿಸ್ ಇದರ ಮೇಲೇ ಇತ್ತು.

ಬಯೋಡೆಂಟಿನ್ ಅಂದರೆ ತೆರೆದ ನರ ಮುಚ್ಚೋಕೆ ಹಾಕೋ ಮದ್ದು, ಸಿಮೆಂಟಿನ ಜಾತಿಯದ್ದೇ. ತಮಾಷೆಗೆ ಹೇಳ್ತಿಲ್ಲ. ಅದಕ್ಕೂ ಮುಂಚೆ ಬಂದ ಇದೇ ಜಾತಿಯ ಎಂಟಿಎ ಅನ್ನೋ ಮದ್ದು, 1993ರ ಸುಮಾರಿಗೆ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದಲ್ಲಿ ತೊರಾಬಿನೆಜಾದ್ ಮತ್ತು ಸಂಗಡಿಗರು ತಂದದ್ದು, ಮನೆ ಕಟ್ಟೋ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಬಿಸ್ಮತ್ ಆಕ್ಸೈಡ್ ಬೆರೆಸಿದ ಹಾಗೇ. ಅದು ಗಟ್ಟಿಯಾಗೋಕೆ ಎರಡೂಮುಕ್ಕಾಲು ಗಂಟೆ ಬೇಕಿತ್ತು. ಬಯೋಡೆಂಟಿನ್‌ನಲ್ಲಿ ಕ್ಯಾಪ್ಸೂಲಿಗೆ 5 ಹನಿ ದ್ರವ ಹಾಕಿ ಯಂತ್ರದಲ್ಲಿ 30 ಸೆಕೆಂಡ್ ಕುಲುಕಿದರೆ, 12 ನಿಮಿಷಕ್ಕೆ ಗಟ್ಟಿ ಅಂತಾರೆ ತಯಾರಕರು. ಆದರೆ ಗಟ್ಟಿಯಾಗೋದು ಬೇರೆ, ಬಲಿಯೋದು ಬೇರೆ. ಎರಡು ವಾರ ಕಾಯಿಸೋದು ಆ ಬಲಿಯೋದಕ್ಕೇ. ತಾರಸಿ ಹಾಕಿದ ಮರುದಿನ ಅದರ ಮೇಲೆ ನಡೆದಾಡಬಹುದು, ಸೆಂಟ್ರಿಂಗ್ ಬಿಚ್ಚೋಕೆ ಮಾತ್ರ ಮೇಸ್ತ್ರಿ ಒಪ್ಪಲ್ಲ.

ಥೀಸಿಸ್‌ಗೆ ಮಾಡಿದ್ದಿಷ್ಟು. ಅಕ್ರಿಲಿಕ್ ಅಚ್ಚಿನ ಗುಳಿಗೆ ಬಯೋಡೆಂಟಿನ್ ತುಂಬಿ, ಮೇಲೆ ಕಾಂಪೋಸಿಟ್‌ನ, ಅಂದರೆ ಆ ಬಿಳಿ ಫಿಲ್ಲಿಂಗ್ ವಸ್ತುವಿನ, ಪುಟ್ಟ ಕಂಬ ನಿಲ್ಲಿಸೋದು. ಉಳಿಯಂಥ ಅಲಗು ನಿಮಿಷಕ್ಕೆ 1 ಮಿ.ಮೀ. ವೇಗದಲ್ಲಿ ಇಳಿದು ಕಂಬದ ಬುಡಕ್ಕೆ ಒತ್ತುತ್ತೆ. ಟಕ್ ಅಂತ ಕಿತ್ತಾಗಿನ ಬಲವನ್ನು ಅಂಟಿದ ಜಾಗದ ವಿಸ್ತೀರ್ಣದಿಂದ ಭಾಗಿಸಿದರೆ ಹಿಡಿತ ಎಷ್ಟು ಅಂತ ಮೆಗಾಪಾಸ್ಕಲ್ ಲೆಕ್ಕದಲ್ಲಿ ಸಿಗುತ್ತೆ. ಆ ಅಂಕಿಗಳಿಗಿಂತ ನನಗೆ ನೆನಪಿರೋದು ಸೂಕ್ಷ್ಮದರ್ಶಕದಡಿ ಕಂಡದ್ದು. ಹಾಕಿದ ಕಾಲು ಗಂಟೆಗೇ ಅಂಟಿಸಿದ ತುಂಡುಗಳಲ್ಲಿ, ಕಿತ್ತು ಬಂದ ಕಂಬದ ಬುಡಕ್ಕೆ ಬೆಳ್ಳಗೆ ಬಯೋಡೆಂಟಿನ್ ಮೆತ್ತಿಕೊಂಡಿತ್ತು. ಅಂಟು ಸೋತಿರಲಿಲ್ಲ, ಕೆಳಗಿನ ಸಿಮೆಂಟೇ ಒಳಗೆ ಹರಿದಿತ್ತು.

ಕಾಂಪೋಸಿಟ್ ನೀಲಿ ಬೆಳಕಿಗೆ ಗಟ್ಟಿಯಾಗುತ್ತಾ ಕೊಂಚ ಕುಗ್ಗುತ್ತೆ. ಎಳಸು ಸಿಮೆಂಟು ಆ ಎಳೆತ ತಾಳದಿದ್ದರೆ ಸಂದಿ ಬೀಳುತ್ತೆ, ಅಂಚಿನಿಂದ ಎಂಜಲು ಸೋರಿದರೆ ಬ್ಯಾಕ್ಟೀರಿಯಾ ಒಳಕ್ಕಿಳಿಯುತ್ತೆ. ನರವನ್ನು ಕೊಲ್ಲೋದು ಅದೇ. 1965ರಲ್ಲಿ ಕಾಕೆಹಾಶಿ ಮತ್ತಿಬ್ಬರು ಇಲಿಗಳ ಹಲ್ಲು ಕೊರೆದು ಹಾಗೇ ಬಿಟ್ಟಿದ್ದರು. ಸೂಕ್ಷ್ಮಾಣುಗಳೇ ಇಲ್ಲದೆ ಬೆಳೆಸಿದ ಇಲಿಗಳಲ್ಲಿ ತೆರೆದ ನರ ತಾನೇ ವಾಸಿಯಾಯಿತು, ಮಾಮೂಲಿ ಇಲಿಗಳಲ್ಲಿ ಸತ್ತಿತು.

ಹಾಗಂತ ಅದೇ ದಿನ ಮುಗಿಸೋರು ತಪ್ಪು ಮಾಡ್ತಾರೆ ಅಂತಲ್ಲ. ಗುಳಿ ಚಿಕ್ಕದಿದ್ದು ಸುತ್ತ ಒಳ್ಳೆ ಎನಾಮೆಲ್ ಉಳಿದಿದ್ದರೆ ಹಿಡಿತ ಅಲ್ಲಿಂದಲೇ ಸಿಗುತ್ತೆ, ನಾನೂ ಮುಗಿಸಿಬಿಡ್ತೀನಿ. ಥೆರಾಕಾಲ್ ಅಂತ ಬೆಳಕಿಗೆ ಗಟ್ಟಿಯಾಗೋದೊಂದಿದೆ, ಅದರಲ್ಲಿ ಪ್ಲಾಸ್ಟಿಕ್‌ನಂಥ ರೆಸಿನ್ ಇರೋದರಿಂದ ಕಾಂಪೋಸಿಟ್ ತಕ್ಷಣ ಅಂಟುತ್ತೆ. ಆದರೆ ರಕ್ತ ಒಸರುವ ನರದ ಮೇಲೆ ರೆಸಿನ್ ಇಡೋಕೆ ನನಗೆ ಮನಸ್ಸು ಬರಲ್ಲ. ದೊಡ್ಡ ಗುಳಿ, ತಳವೆಲ್ಲ ಬಯೋಡೆಂಟಿನ್ ಇದ್ದರೆ ಕಾಯಿಸೋದೇ ವಾಸಿ. ಅಷ್ಟು ದಿನ ಅದೇ ತಾತ್ಕಾಲಿಕ ಫಿಲ್ಲಿಂಗ್ ಆಗಿಯೂ ನಿಲ್ಲುತ್ತೆ.

ಎರಡನೇ ಸಲದ್ದು ಮೊದಲಿನ ಫೀಸಿನಲ್ಲೇ ಸೇರಿದೆಯಾ ಅಂತ ಕೇಳಿಬಿಡಿ, ಸಂಕೋಚ ಬೇಡ. ಚಕ್ಕುಲಿ, ಕೋಡುಬಳೆ ಆ ಕಡೆ ಅಗಿಯಬೇಡಿ. ತಣ್ಣೀರಿಗೆ ಒಂದು ಕ್ಷಣ ಜುಮ್ಮೆಂದು ನಿಂತರೆ ಗಾಬರಿಯಿಲ್ಲ. ರಾತ್ರಿ ಮಲಗಿದಾಗ ತಾನಾಗೇ ಮಿಡಿಯೋ ನೋವು ಶುರುವಾದರೆ ಮಾತ್ರ ಎರಡು ವಾರ ತುಂಬಲಿ ಅಂತ ಕೂರದೆ ಬೆಳಿಗ್ಗೆಯೇ ಹೋಗಿ.