ಇಂಗ್ಲಿಷ್‌ನ ಕಷ್ಟದ ಪದಗಳ ಅರ್ಥ ಬಾಯಿಪಾಠ ಆಗಿದೆ, ಆದರೆ ಬರೆಯುವಾಗ ಒಂದೂ ನೆನಪಾಗಲ್ಲ. ಏನು ಮಾಡಲಿ?

ದಿನಕ್ಕೆ 20 ಪದ, ಪಕ್ಕದಲ್ಲಿ ಅರ್ಥ, ಕೆಳಗೊಂದು ಉದಾಹರಣೆ ವಾಕ್ಯ. ಆರು ತಿಂಗಳಿಂದ ಹೀಗೇ ಕಲಿಯುತ್ತಿದ್ದೀರಿ, ಆದರೂ ಬರೆಯಲು ಕೂತರೆ ಹಳೆಯ ಪದಗಳೇ ಬರುತ್ತವೆ, ಈ ಪದ್ಧತಿಯೇ ತಪ್ಪಾ ಅಂತ ಕೇಳಿದ್ದೀರಿ. ಪದ್ಧತಿ ತಪ್ಪಲ್ಲ. ಅರ್ಥವನ್ನು ಉರು ಹೊಡೆದು, ಉದಾಹರಣೆಯನ್ನು ಬಾಲಂಗೋಚಿ ಥರ ಬಿಟ್ಟುಬಿಡುತ್ತಿದ್ದೀರಿ ಅನಿಸುತ್ತದೆ. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದವನು.

ನನ್ನ ನೋಟ್‌ಬುಕ್‌ನಲ್ಲಿ ‘ಪರ್ಪಿಟ್ರೇಟ್’ ಎದುರು ‘ಮಾಡು, ನಡೆಸು’ ಅಂತ ಬರೆದುಕೊಂಡಿದ್ದೆ. ಕೇಳಲು ಗತ್ತಾಗಿದೆ ಅಲ್ವಾ? ಒಂದು ಕೆಲಸದ ಅರ್ಜಿಯಲ್ಲಿ, ಹಿಂದಿನ ಕಡೆ ಮೂರು ದೊಡ್ಡ ಪ್ರಾಜೆಕ್ಟ್‌ಗಳನ್ನು ಪರ್ಪಿಟ್ರೇಟ್ ಮಾಡಿದ್ದೇನೆ ಅಂತ ಹೆಮ್ಮೆಯಿಂದ ಬರೆದೆ. ಸಂದರ್ಶನದಲ್ಲಿ ಎದುರಿಗಿದ್ದವರು ಆ ಸಾಲಿನ ಮೇಲೆ ಬೆರಳಿಟ್ಟು, ‘ಪೊಲೀಸರಿಗೆ ಗೊತ್ತಾಗಲಿಲ್ವಾ?’ ಅಂದರು. ನನಗೆ ಜೋಕ್ ಅರ್ಥವಾಗಿದ್ದು ಮನೆಗೆ ಬಂದು ಡಿಕ್ಷನರಿ ತೆಗೆದ ಮೇಲೆ. ಅಲ್ಲಿದ್ದ ಉದಾಹರಣೆಗಳಲ್ಲೆಲ್ಲ ಆ ಪದದ ಜೊತೆ ಬಂದಿದ್ದು ಅಪರಾಧ, ವಂಚನೆ, ಹಿಂಸೆ.

ನಮ್ಮ ‘ಎಸಗು’ ಇದೆಯಲ್ಲ, ಹಾಗೆ. ಅರ್ಥ ಕೇಳಿದರೆ ‘ಮಾಡು’ ಅಂತಲೇ ಹೇಳುತ್ತೇವೆ. ಆದರೆ ದ್ರೋಹ ಎಸಗಿದ ಅನ್ನುತ್ತೇವೆಯೇ ಹೊರತು ಉಪಕಾರ ಎಸಗಿದ ಅಂತ ಯಾರೂ ಅನ್ನಲ್ಲ. ಜ್ವರ ವಕ್ಕರಿಸುತ್ತದೆ, ಸಂತೋಷ ವಕ್ಕರಿಸಲ್ಲ. ಇದನ್ನು ನಮಗೆ ಯಾರೂ ಅರ್ಥ ಹೇಳಿ ಕಲಿಸಲಿಲ್ಲ, ಸಾವಿರ ಸಲ ಕಿವಿಗೆ ಬಿದ್ದು ಬಂತು. ಇಂಗ್ಲಿಷ್‌ನಲ್ಲಿ ನಮಗೆ ಆ ಸಾವಿರ ಸಲ ಸಿಕ್ಕಿರುವುದಿಲ್ಲ. ಅದರ ಬದಲಿಗೆ ಇರುವುದೇ ಉದಾಹರಣೆ ವಾಕ್ಯ.

ಇಂಗ್ಲಿಷ್ ಮನೆಮಾತಾಗಿರುವ ಮಕ್ಕಳೂ ಬರೀ ಅರ್ಥ ನೋಡಿದರೆ ಹೀಗೇ ಎಡವುತ್ತಾರೆ. ಮಕ್ಕಳು ಪದ ಕಲಿಯುವ ಬಗೆಯನ್ನು ಅಧ್ಯಯನ ಮಾಡಿದ ಜಾರ್ಜ್ ಮಿಲ್ಲರ್ ಮತ್ತು ಪೆಟ್ರೀಷಿಯಾ ಗಿಲ್ಡಿಯಾ 1987ರಲ್ಲಿ ಇದರ ಬಗ್ಗೆ ಬರೆದಿದ್ದರು. ಮಣ್ಣು, ಬಂಡೆ ಸವೆಯುವುದಕ್ಕೆ ಬಳಸುವ ‘ಇರೋಡ್’ ಪದಕ್ಕೆ ಡಿಕ್ಷನರಿಯಲ್ಲಿ ತಿಂದುಹಾಕು ಎನ್ನುವಂಥ ಅರ್ಥ ಕಂಡ ಒಂದು ಮಗು, ನಮ್ಮ ಮನೆಯವರು ತುಂಬಾ ಇರೋಡ್ ಮಾಡುತ್ತಾರೆ ಅನ್ನುವ ಥರ ವಾಕ್ಯ ಬರೆದಿತ್ತು. ನನ್ನ ಪ್ರಾಜೆಕ್ಟ್‌ಗೆ ಹೋಲಿಸಿದರೆ ಇದೇ ವಾಸಿ.

ಹಾಗಾಗಿ ಮೊದಲು ಡಿಕ್ಷನರಿ ಬದಲಿಸಿ. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ಡಿಕ್ಷನರಿ ಬೇಕು. 1978ರಲ್ಲಿ ಬಂದ ಲಾಂಗ್‌ಮನ್‌ನದು ಸುಮಾರು 2000 ಸರಳ ಪದಗಳಲ್ಲೇ ಅರ್ಥ ಹೇಳುತ್ತದೆ. ನನಗೆ ಹೆಚ್ಚು ಹಿಡಿಸಿದ್ದು 1987ರ ಕಾಲಿನ್ಸ್ ಕೋಬಿಲ್ಡ್. ಅದರಲ್ಲಿ ಅರ್ಥವೇ ಒಂದು ಪೂರ್ತಿ ವಾಕ್ಯ: ಯಾರಾದರೂ ಇಂಥ ಅಪರಾಧವನ್ನು ಪರ್ಪಿಟ್ರೇಟ್ ಮಾಡಿದರೆ ಹೀಗೆ ಅಂತ. ಯಾರು, ಏನನ್ನು ಎರಡೂ ಅಲ್ಲೇ ಸಿಕ್ಕಿಬಿಡುತ್ತವೆ.

ಒಂದು ಪದಕ್ಕೆ ಕನಿಷ್ಠ ಮೂರು ವಾಕ್ಯ ನೋಡಿ. ನೋಡುವುದು ಅಂದರೆ ಓದಿ ಮುಗಿಸುವುದಲ್ಲ. ಆ ಪದದ ಹಿಂದೆ ಏನಿದೆ, ಮುಂದೆ ಏನಿದೆ, ಅದನ್ನು ಗುರುತು ಹಾಕಿ. ‘ಕಂಪ್ರೈಸ್’ ತಗೊಳ್ಳಿ. ಒಳಗೊಂಡಿರು ಅಂತ ಅರ್ಥ. ‘ದ ಟೀಮ್ ಕಂಪ್ರೈಸಸ್ ಸಿಕ್ಸ್ ಮೆಂಬರ್ಸ್’ ಅನ್ನುವಾಗ ನಡುವೆ ‘ಆಫ್’ ಇಲ್ಲ. ‘ಕನ್ಸಿಸ್ಟ್ಸ್’ ಆದರೆ ‘ಆಫ್’ ಬೇಕೇ ಬೇಕು. ಎರಡರ ಕನ್ನಡ ಅರ್ಥ ಒಂದೇ, ವ್ಯತ್ಯಾಸ ಕಾಣುವುದು ವಾಕ್ಯದಲ್ಲಿ ಮಾತ್ರ.

ಆಮೇಲೆ ಪುಸ್ತಕ ಮುಚ್ಚಿ, ನಿಮ್ಮ ಬದುಕಿನದ್ದೇ ಒಂದು ವಾಕ್ಯ ಬರೆಯಿರಿ. ಡಿಕ್ಷನರಿಯ ವಾಕ್ಯದಲ್ಲಿ ಹೆಸರು ಮಾತ್ರ ಬದಲಿಸುವುದು ಮೋಸ! ಕಾರ್ಡ್ ಮಾಡುತ್ತೀರಾದರೆ ಮುಂದೆ ಪದ, ಹಿಂದೆ ಅರ್ಥ ಬೇಡ. ಮುಂದೆ ನಿಮ್ಮ ವಾಕ್ಯ ಬರೆದು ಪದದ ಜಾಗ ಖಾಲಿ ಬಿಡಿ. ಆಗ ಪದವನ್ನು ಗುರುತು ಹಿಡಿಯುವ ಬದಲು ತಲೆಯಿಂದ ಎಳೆದು ತರಬೇಕಾಗುತ್ತದೆ. ಬರೆಯುವಾಗ ಬೇಕಾಗುವ ಕಸರತ್ತೂ ಅದೇ. ಮಾರನೇ ದಿನ ಒಮ್ಮೆ, ನಾಲ್ಕು ದಿನ ಬಿಟ್ಟು ಒಮ್ಮೆ, ಎರಡು ವಾರ ಬಿಟ್ಟು ಮತ್ತೊಮ್ಮೆ ನೋಡಿ.

ಇಷ್ಟೆಲ್ಲ ಮಾಡಿದರೆ ದಿನಕ್ಕೆ 20 ಪದ ಆಗಲ್ಲ. ನನಗೆ ನಾಲ್ಕು ದಾಟುವುದಿಲ್ಲ. ಯಾವ ನಾಲ್ಕು ಅನ್ನುವುದೂ ಮುಖ್ಯ. ಬೆರಗು ಹುಟ್ಟಿಸುವ ಉದ್ದುದ್ದ ಪದಗಳ ಪಟ್ಟಿ ಬಿಟ್ಟುಬಿಡಿ, ಅವನ್ನು ಬಳಸಿದರೆ ಓದುವವರಿಗೂ ಕಿರಿಕಿರಿ. ಏವ್ರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್‌ನಲ್ಲಿ 570 ಪದ ಕುಟುಂಬಗಳಿವೆ, ಅಂದರೆ ಒಂದು ಮೂಲ ಪದ ಮತ್ತು ಅದರಿಂದ ಹುಟ್ಟಿದ ರೂಪಗಳ ಗುಂಪುಗಳು. ಓದು, ವರದಿ, ಪರೀಕ್ಷೆ ಎಲ್ಲದರಲ್ಲೂ ಮತ್ತೆ ಮತ್ತೆ ಎದುರಾಗುವಂಥವು. ಅದರಲ್ಲಿ ಅರ್ಧ ಕೈವಶವಾದರೂ ನಿಮ್ಮ ಬರವಣಿಗೆ ಬದಲಾಗುತ್ತದೆ.

ಆರು ತಿಂಗಳ ನೋಟ್‌ಬುಕ್ ಎಸೆಯಬೇಡಿ. ಓದುವಾಗ ಅದರಲ್ಲಿನ ಪದ ಎಲ್ಲಾದರೂ ಸಿಕ್ಕರೆ, ಆ ವಾಕ್ಯವನ್ನು ಎದುರಿಗೆ ಬರೆದುಕೊಳ್ಳಿ. ನನ್ನ ನೋಟ್‌ಬುಕ್‌ನಲ್ಲಿ ‘ಮಾಡು, ನಡೆಸು’ ಹೊಡೆದುಹಾಕಿ ‘ಎಸಗು’ ಅಂತ ಬರೆದಿದ್ದೇನೆ. ಕೆಳಗಿನ ಸ್ವಂತ ವಾಕ್ಯದಲ್ಲಿ ಪರ್ಪಿಟ್ರೇಟ್ ಆಗಿರುವುದು ನನ್ನ ಆ ಅರ್ಜಿ.