ಅಪ್ಪ ಸಿಪ್ಯಾಪ್ (ನಿದ್ದೆಯಲ್ಲಿ ಉಸಿರು ಕಟ್ಟದ ಹಾಗೆ ಮಾಸ್ಕಿನಿಂದ ಗಾಳಿ ಒತ್ತೋ ಮೆಷಿನ್) ಹಾಕಿಕೊಳ್ಳಲ್ಲ. ದಿನದ ರಿಪೋರ್ಟ್ ನನ್ನ ಫೋನಿಗೆ ಬರೋ ಹಾಗೆ ಮಾಡಿದರೆ ದಾರಿಗೆ ಬರ್ತಾರಾ?

ನಿಮ್ಮ ಅಪ್ಪನ ಜಾಗದಲ್ಲಿ ನಾನಿದ್ದೆ. ಅದಕ್ಕೇ ಹೇಳ್ತೀನಿ, ಕಾವಲು ಕಾಯೋಕೆ ಹೊರಟರೆ ಕೆಲಸ ಕೆಡುತ್ತದೆ.

ನಿದ್ದೆಯಲ್ಲಿ ಗಂಟೆಗೆ 38 ಸಲ ನನ್ನ ಉಸಿರು ಕಟ್ಟುತ್ತಿತ್ತು. 30 ದಾಟಿದರೇ ತೀವ್ರ ಅಂತ ಲೆಕ್ಕ. ಮೆಷಿನ್ ಬಂತು. ಒಳಗೇ ಮೋಡೆಮ್. ಎಷ್ಟು ಹೊತ್ತು ಹಾಕಿಕೊಂಡೆ, ಮಾಸ್ಕಿನಿಂದ ಗಾಳಿ ಎಷ್ಟು ಸೋರಿತು, ಉಸಿರು ಎಷ್ಟು ಸಲ ನಿಂತಿತು, ಎಲ್ಲ ಆಸ್ಪತ್ರೆಗೆ ಹೋಗುತ್ತಿತ್ತು. ಎರಡನೇ ವಾರ ಟೆಕ್ನಿಷಿಯನ್ ಫೋನ್ ಮಾಡಿದರು. "ರಾತ್ರಿ ಎರಡೇ ಗಂಟೆ ಹಾಕಿಕೊಳ್ತಿದ್ದೀರಿ ಸರ್, ಏನಾದ್ರೂ ತೊಂದರೆನಾ?" ನನ್ನ ಕಿವಿಗೆ ಬಿದ್ದದ್ದು ಮೊದಲರ್ಧ ಮಾತ್ರ. ಹೋಂವರ್ಕ್ ಮಾಡದೆ ಸಿಕ್ಕಿಬಿದ್ದ ಹುಡುಗನ ಹಾಗಾಯಿತು. ಆ ರಾತ್ರಿಯೇ ಮೆಷಿನ್‌ನಲ್ಲಿ ಏರ್‌ಪ್ಲೇನ್ ಮೋಡ್ ಒತ್ತಿಬಿಟ್ಟೆ.

ಆ ಒಂದು ಒತ್ತಿಗೆ ಮೂರು ತಿಂಗಳು ತೆತ್ತೆ. ನಾನೇನು ಸೋಮಾರಿತನಕ್ಕೆ ಮಾಸ್ಕ್ ತೆಗೆಯುತ್ತಿರಲಿಲ್ಲ. ನಡುರಾತ್ರಿ ಕಣ್ಣಿಗೆ ಸುಯ್ಯಂತ ಗಾಳಿ ಹೊಡೆದು ಎಚ್ಚರವಾಗುತ್ತಿತ್ತು. ಪಟ್ಟಿ ಬಿಗಿದೆ. ಸೋರಿತು. ಇನ್ನೂ ಬಿಗಿದೆ. ಇನ್ನೂ ಸೋರಿತು. ಜಾಸ್ತಿ ಬಿಗಿದರೆ ಮಾಸ್ಕಿನ ಮೆತ್ತನೆ ಅಂಚು ಮಡಚಿಕೊಂಡು ಸೋರಿಕೆ ಹೆಚ್ಚುತ್ತೆ ಅಂತ ನನಗೇನು ಗೊತ್ತು? ಗೊತ್ತಿದ್ದವರ ಕಣ್ಣಿಗೆ ಬೀಳದ ಹಾಗೆ ನಾನೇ ಮಾಡಿಕೊಂಡಿದ್ದೆ. ಬೈತಾರೆ ಅಂದುಕೊಂಡು ಮುಚ್ಚಿಟ್ಟೆ, ಅವರು ಕೇಳಿದ್ದು ತೊಂದರೆ ಏನು ಅಂತ!

ಸಿಗ್ನಲ್‌ನಲ್ಲಿ ಕಾರು ನಿಲ್ಲಿಸಿ ತೂಕಡಿಸಿ, ಹಿಂದಿನವರ ಹಾರ್ನ್‌ಗೆ ಎದ್ದ ದಿನ ಮೆಷಿನ್‌ನ ಮೆಮೊರಿ ಕಾರ್ಡ್ ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಅವರು ಗ್ರಾಫ್ ತೆಗೆದು ಬೆರಳಿಟ್ಟು ತೋರಿಸಿದರು. ಮಲಗಿ ಎರಡು ಗಂಟೆಗೆ ಸೋರಿಕೆಯ ಗೆರೆ ಗುಡ್ಡದ ಹಾಗೆ ಏಳುತ್ತೆ, ಅಲ್ಲಿಗೇ ರೆಕಾರ್ಡ್ ಮುಗಿಯುತ್ತೆ. ದಿನಾ ಅದೇ. ಮಾಸ್ಕ್ ಒಂದು ಸೈಜ್ ದೊಡ್ಡದಿತ್ತು, ಅಷ್ಟೇ. ಈಗ 38 ಇದ್ದದ್ದು 3ಕ್ಕೆ ಇಳಿದಿದೆ.

ಹಾಗಾಗಿ ರಿಪೋರ್ಟ್ ಹೋಗಲಿ, ಆದರೆ ನಿಮ್ಮ ಫೋನಿಗೆ ಬೇಡ. ಆಸ್ಪತ್ರೆಯವರಿಗೆ ಹೋಗಲಿ, ಅಪ್ಪನಿಗೂ ಕಾಣಲಿ. ಮಕ್ಕಳು ಬೆಳಿಗ್ಗೆ ಎದ್ದು ಹಾಜರಿ ತೆಗೆದುಕೊಂಡರೆ ಏರ್‌ಪ್ಲೇನ್ ಮೋಡ್ ಅಪ್ಪನ ಕೈಗೂ ಸಿಗುತ್ತೆ, ಅಲ್ವಾ? ರಾತ್ರಿಗೆ ನಾಲ್ಕು ಗಂಟೆ ಹಾಕಿಕೊಂಡರೆ ಪಾಸು ಅನ್ನೋ ಲೆಕ್ಕವನ್ನೂ ತಲೆಗೆ ಹಚ್ಚಿಕೊಳ್ಳಬೇಡಿ. ಕನಸಿನ ನಿದ್ದೆ ಜಾಸ್ತಿ ಬರೋದು ಬೆಳಗಿನ ಜಾವಕ್ಕೆ, ಬಹಳ ಜನರಿಗೆ ಉಸಿರು ಹೆಚ್ಚು ಕಟ್ಟೋದೂ ಆಗಲೇ.

ಗಂಟೆ ಎಣಿಸೋ ಮೊದಲು ನಾಳೆ ಬೆಳಿಗ್ಗೆ ಅಪ್ಪನ ಮೂಗಿನ ಬುಡ ನೋಡಿ. ಕೆಂಪಗೆ ಗುರುತು ಬಿದ್ದಿದ್ದರೆ ಅವರೂ ಪಟ್ಟಿ ಬಿಗೀತಿರಬಹುದು.