ಪಾಕೀಟೋ, ಮನೆಯ ಉಪ್ಪು ಸಕ್ರೆ ನೀರೋ? ಓದುಗರ ಪ್ರಶ್ನೆ, ಸಿಸ್ಟರ್ ಉತ್ತರ

ಪ್ರಶ್ನೆ: ಸಿಸ್ಟರ್ ಅಕ್ಕಾ, ನಮ್ಮ ಯಜಮಾನ್ರು ಬೋಟಿಗೆ ಹೋಗ್ತಾರೆ. ಏಪ್ರಿಲ್ ಮೇ ಬಿಸಿಲಲ್ಲಿ ವಾಪಸ್ ಬಂದ್ರೆ ಕಾಲು ಹಿಡ್ಕೊಳ್ತದೆ, ತಲೆ ಸುತ್ತುತ್ತದೆ ಅಂತಾರೆ. ಅದಕ್ಕೆ ಮೈದುನ ಆನ್‌ಲೈನಲ್ಲಿ ಎಲೆಕ್ಟ್ರೊಲೈಟ್ ಪೌಡರ್ (ನೀರಿಗೆ ಕಲಸಿ ಕುಡಿಯೋ ಉಪ್ಪಿನಂಶದ ಪುಡಿ) ಡಬ್ಬಿ ತರಿಸಿದ್ದಾನೆ. ಹೋದ ವಾರ ನಾಲ್ಕು ವರ್ಷದ ಮಗಳಿಗೆ ಲೂಸ್ ಮೋಷನ್ ಆದಾಗ ಅದನ್ನೇ ಕಲಸಿ ಕೊಡು ಅಂದ. ಅತ್ತೆ ಅದೆಲ್ಲ ಬೇಡ, ಉಪ್ಪು ಸಕ್ರೆ ನೀರು ಕೊಡು, ಇಲ್ಲಾಂದ್ರೆ ಮುರುಗಲ (ಕೋಕಂ) ಪಾನಕ ಕೊಡು ಅಂದ್ರು. ಯಾರ ಮಾತು ಕೇಳೋದು?
– ಓದುಗರೊಬ್ಬರು, ಕಾರವಾರ

ಉತ್ತರ: ತಂಗೀ, ನಿಮ್ಮ ಮನೇಲಿ ಎರಡು ಬೇರೆ ಬೇರೆ ತೊಂದರೆಗೆ ಒಂದೇ ಲೋಟ ಹಿಡಿದಿದ್ದಾರೆ, ಅದಕ್ಕೇ ಈ ಗೊಂದಲ. ಯಜಮಾನ್ರದ್ದು ಬೆವರು, ಮಗಳದ್ದು ಭೇದಿ. ಮೊದಲು ಮಗಳ ವಿಷಯ ಹೇಳ್ತೇನೆ, ಯಾಕಂದ್ರೆ ಅದರಲ್ಲಿ ತಪ್ಪು ಮಾಡೋ ಹಾಗಿಲ್ಲ.

ಭೇದಿ ಆದ ಮಗುವಿಗೆ ಮೊದಲು ಕೊಡಬೇಕಾದ್ದು ಮೆಡಿಕಲ್ಲಲ್ಲಿ ಸಿಗೋ, ಮೈಯಿಂದ ಹೋದ ನೀರು ಉಪ್ಪು ಮತ್ತೆ ತುಂಬಿಸೋ ಓಆರ್‌ಎಸ್ ಪಾಕೀಟು, ಅದೂ ವಿಶ್ವ ಆರೋಗ್ಯ ಸಂಸ್ಥೆಯ ಫಾರ್ಮುಲಾ ಅಂತ ಬರೆದಿರೋದು. ಸರ್ಕಾರಿ ಆಸ್ಪತ್ರೇಲಿ, ಆಶಾ ಕಾರ್ಯಕರ್ತೆ ಹತ್ರ ಪುಕ್ಕಟೆ ಸಿಗ್ತದೆ. ಒಂದು ಲೀಟರಿನ ಪಾಕೀಟಲ್ಲಿ ಒಟ್ಟು 20.5 ಗ್ರಾಂ ಇರ್ತದೆ, ಅದರಲ್ಲಿ ಉಪ್ಪು 2.6, ಗ್ಲೂಕೋಸ್ 13.5, ಪೊಟ್ಯಾಸಿಯಂ ಕ್ಲೋರೈಡ್ 1.5, ಸಿಟ್ರೇಟ್ 2.9. ಈ ಅಳತೆ 2002ರಲ್ಲಿ ಬಂದದ್ದು, ಅದಕ್ಕೂ ಮುಂಚಿನದ್ದು ಇನ್ನೂ ಗಟ್ಟಿ ಇತ್ತು, ಸ್ವಲ್ಪ ತೆಳು ಮಾಡಿದ್ರೆ ಭೇದಿ ವಾಂತಿ ಎರಡೂ ಕಮ್ಮಿ ಆಗ್ತದೆ ಅಂತ ಗೊತ್ತಾದ ಮೇಲೆ ಬದಲಾಯಿಸಿದ್ರು.

ಇದರಲ್ಲಿ ಸಕ್ಕರೆ, ಅಂದ್ರೆ ಗ್ಲೂಕೋಸ್, ಯಾಕೆ ಅಂತ ಸುಮಾರು ಜನ ಕೇಳ್ತಾರೆ. ರುಚಿಗಲ್ಲ, ಶಕ್ತಿಗೂ ಅಲ್ಲ. ನಮ್ಮ ಸಣ್ಣ ಕರುಳಲ್ಲಿ ಉಪ್ಪಿನ ಸೋಡಿಯಂ ಮತ್ತೆ ಗ್ಲೂಕೋಸ್ ಜೊತೆಯಾಗಿಯೇ ಒಳಗೆ ಹೋಗೋ ಒಂದು ದಾರಿ ಉಂಟು, ಅವು ಹೋದ್ರೆ ಹಿಂದೆಯೇ ನೀರೂ ಹೋಗ್ತದೆ, ಎಷ್ಟು ಜೋರು ಭೇದಿ ಇದ್ರೂ ಈ ದಾರಿ ಸಾಮಾನ್ಯವಾಗಿ ಮುಚ್ಚೋದಿಲ್ಲ. ಆದ್ರೆ ಸಕ್ಕರೆ ಜಾಸ್ತಿ ಆಯ್ತೋ, ಮೈಯಲ್ಲಿರೋ ನೀರನ್ನೇ ಕರುಳಿಗೆ ಎಳೆದು ಭೇದಿ ಇನ್ನೂ ಹೆಚ್ಚು ಮಾಡ್ತದೆ. ಅದಕ್ಕೇ ಅತ್ತೆ ಹೇಳಿದ ಮುರುಗಲ ಪಾನಕ ಈಗ ಬೇಡ, ಮೈದುನನ ಪೌಡರೂ ಬೇಡ. ಕೆಲವು ಪೌಡರಲ್ಲಿ ಶುಗರ್ ಜೀರೋ ಅಂತ ದೊಡ್ಡದಾಗಿ ಬರೆದಿರ್ತಾರೆ, ಸಕ್ಕರೇನೇ ಇಲ್ಲದ ಮೇಲೆ ಉಪ್ಪನ್ನ ಜೊತೆಗೆ ಕರ್ಕೊಂಡು ಹೋಗೋರು ಯಾರು?

1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರಿಗೆ ಪಶ್ಚಿಮ ಬಂಗಾಳದ ಬಂಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಬಾಟ್ಲಿ ಮುಗಿದು ಹೋದಾಗ ಡಾ. ದಿಲೀಪ್ ಮಹಾಲನಬಿಸ್ ಅನ್ನೋರು ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಇಷ್ಟನ್ನೇ ಅಳತೆ ಮಾಡಿ ನೀರಲ್ಲಿ ಕಲಸಿ ಡ್ರಮ್ಮಲ್ಲಿಟ್ಟು ಜನರಿಗೆ ಕುಡಿಸಿದ್ರು, ನೂರಕ್ಕೆ ಮೂವತ್ತರ ಹತ್ತಿರ ಇದ್ದ ಸಾವು ನಾಲ್ಕಕ್ಕಿಂತ ಕೆಳಗೆ ಇಳೀತು. ಅವರು ತೀರಿಕೊಂಡ ಮೇಲೆ 2023ರಲ್ಲಿ ಪದ್ಮವಿಭೂಷಣ ಕೊಟ್ರು. ಟ್ರೇನಿಂಗಲ್ಲಿ ಈ ಕತೆ ಕೇಳಿದಾಗ ನನಗೆ ಮೈ ಜುಮ್ ಅಂದಿತ್ತು, ಈಗ ಬರೀವಾಗಲೂ ಹಾಗೇ ಆಗ್ತದೆ.

ಇನ್ನೊಂದು ಎಚ್ಚರಿಕೆ. ಟೆಟ್ರಾ ಪ್ಯಾಕಲ್ಲಿ ಬರೋ ಆಪಲ್, ಆರೆಂಜ್ ರುಚಿಯ ಸಿಹಿ ಪಾನೀಯಕ್ಕೂ ಓಆರ್‌ಎಸ್ ಅಂತಲೇ ಹೆಸರಿಟ್ಟು ಎಷ್ಟೋ ವರ್ಷ ಮಾರಿದ್ರು. ಹೈದರಾಬಾದಿನ ಮಕ್ಕಳ ಡಾಕ್ಟರ್ ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ 2025ರ ಅಕ್ಟೋಬರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಈ ಪಾನೀಯಗಳ ಮೇಲೆ ಓಆರ್‌ಎಸ್ ಅನ್ನೋ ಪದ ಹಾಕಬಾರದು ಅಂತ ಆದೇಶ ಮಾಡ್ತು. ಅಂಗಡಿಯವ್ರು ಇದೂ ಅದೇ ಅಂದ್ರೆ ಒಪ್ಪಬೇಡಿ, ಹಿಂದೆ ತಿರುಗಿಸಿ ಸಕ್ಕರೆ ಎಷ್ಟು ಅಂತ ಓದಿ.

ಹಾಗಾದ್ರೆ ಅತ್ತೆಯ ಉಪ್ಪು ಸಕ್ರೆ ನೀರು ತಪ್ಪಾ? ಅಲ್ವೇ ಅಲ್ಲ. ರಾತ್ರಿ ಹನ್ನೆರಡು ಗಂಟೆಗೆ ಮಳೆ ಹೊಯ್ತಾ ಇರ್ತದೆ, ಕರೆಂಟಿಲ್ಲ, ಮೆಡಿಕಲ್ ಆರು ಮೈಲಿ ದೂರ, ಆಗ ಅದೇ ಜೀವ ಉಳಿಸೋದು. ಆದ್ರೆ ಅಳತೆ ಬೇಕು. ಕುದಿಸಿ ಆರಿಸಿದ ಒಂದು ಲೀಟರ್ ನೀರು (ಅಂಗಡಿಯ ಒಂದು ಲೀಟರ್ ನೀರಿನ ಬಾಟ್ಲಿಯಲ್ಲೇ ಅಳೀರಿ, ತಂಬಿಗೆ ಲೆಕ್ಕ ಬೇಡ), ಅದಕ್ಕೆ ಟೀ ಚಮಚದಲ್ಲಿ ತಲೆ ಸವರಿ ಆರು ಚಮಚ ಸಕ್ಕರೆ, ತಲೆ ಸವರಿ ಅರ್ಧ ಚಮಚ ಪುಡಿ ಉಪ್ಪು. ನಮ್ಮ ಕಡೆ ಸಾಣಿಕಟ್ಟಾದ ಹರಳುಪ್ಪು ಮನೆಮನೇಲಿ ಇರ್ತದೆ, ಅದನ್ನ ಹಾಗೇ ಹಾಕಿದ್ರೆ ಹರಳಿನ ನಡುವೆ ಜಾಗ ಇರೋದ್ರಿಂದ ಚಮಚದ ಲೆಕ್ಕ ತಪ್ತದೆ, ಕುಟ್ಟಿ ಪುಡಿ ಮಾಡಿ ಅಳೀರಿ. ಕಲಸಿದ ಮೇಲೆ ನೀವು ಬಾಯಿಗೆ ಹಾಕ್ಕೊಂಡು ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ರೆ ಚೆಲ್ಲಿ ಹೊಸದು ಮಾಡಿ. ಈ ನೀರಲ್ಲಿ ಪೊಟ್ಯಾಸಿಯಂ ಇರೋದಿಲ್ಲ, ಅದಕ್ಕೆ ಜೊತೇಲಿ ಬಾಳೆಹಣ್ಣು ಕೊಡಿ, ಉಪ್ಪು ಹಾಕಿದ ಗಂಜಿ ಕೊಡಿ. ಗಂಜಿ ತಿಳಿ ಬರೀ ಸಮಾಧಾನಕ್ಕೆ ಅಂತ ತಿಳ್ಕೋಬೇಡಿ, ಅಕ್ಕಿಯ ಗಂಜಿ ಹೊಟ್ಟೇಲಿ ನಿಧಾನಕ್ಕೆ ಗ್ಲೂಕೋಸ್ ಆಗೋದ್ರಿಂದ ಉಪ್ಪಿನ ಜೊತೆ ಅದೂ ಇದೇ ಕೆಲಸ ಮಾಡ್ತದೆ.

ಪಾಕೀಟಲ್ಲೂ ತಪ್ಪಾಗ್ತದೆ. ನಾನು ಡ್ಯೂಟಿಯಲ್ಲಿದ್ದಾಗ ಒಬ್ಬ ತಾಯಿ ಲೀಟರಿನ ಪಾಕೀಟನ್ನ ಪೂರ್ತಿ ಒಂದೇ ಲೋಟ ನೀರಿಗೆ ಹಾಕಿ ಎಂಟು ತಿಂಗಳ ಮಗುವಿಗೆ ಕುಡಿಸಿದ್ಲು, ಜಾಸ್ತಿ ಹಾಕಿದ್ರೆ ಬೇಗ ಗುಣ ಆಗ್ತದೆ ಅಂತ. ಮಗು ತಡೆಯೋಕಾಗದಷ್ಟು ಬಾಯಾರಿ ಕಿರುಚ್ತಾ ಇತ್ತು, ಮೈಯಲ್ಲಿ ಸೋಡಿಯಂ ಏರಿತ್ತು, ತಾಲೂಕು ಆಸ್ಪತ್ರೇಲಿ ನಾಲ್ಕು ದಿನ ಇಟ್ಕೊಂಡ್ರು. ಮಗು ಉಳೀತು. ಅವತ್ತಿನಿಂದ ಪಾಕೀಟು ಕೈಗೆ ಕೊಡುವಾಗ ಎಷ್ಟು ನೀರಿಗೆ ಅಂತ ತಾಯಂದಿರ ಬಾಯಲ್ಲೇ ಹೇಳಿಸ್ತಿದ್ದೆ. 200 ಎಂಎಲ್‌ಗೆ ಅಂತ ಸಣ್ಣ ಪಾಕೀಟೂ ಬರ್ತದೆ, ಓದಿ ನೋಡಿ ಕಲಸಿ.

ನಿಮ್ಮ ಮಗಳ ವಯಸ್ಸಿಗೆ ಪ್ರತಿ ಸಲ ಹೊಟ್ಟೆ ಹೋದ ಮೇಲೆ 100ರಿಂದ 200 ಎಂಎಲ್, ಎರಡು ವರ್ಷದೊಳಗಿನ ಮಕ್ಕಳಿಗೆ 50ರಿಂದ 100. ವಾಂತಿ ಆದ್ರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚ ಕೊಡಿ. ಜೊತೆಗೆ ನಿಮ್ಮ ಮಗಳಿಗೆ ದಿನಾ 20 ಮಿಲಿಗ್ರಾಂ ಝಿಂಕ್ ಮಾತ್ರೆ 10ರಿಂದ 14 ದಿನ, ಅದನ್ನ ಭೇದಿ ನಿಂತ ಕೂಡ್ಲೇ ಬಿಡಬೇಡಿ. ಕಣ್ಣು ಗುಳಿ ಬಿದ್ರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ರೆ ಬೇಗ ಕೂತ್ಕೊಳ್ದೇ ಇದ್ರೆ, ಮಂಪರು ಬಂದ್ರೆ, ಮೂತ್ರ ನಿಂತ್ರೆ, ಮಲದಲ್ಲಿ ರಕ್ತ ಕಂಡ್ರೆ ತಡ ಮಾಡದೇ ಆಸ್ಪತ್ರೆಗೆ ಓಡಿ.

ಈಗ ಯಜಮಾನ್ರದ್ದು. ಬೆವರಲ್ಲಿ ಹೋಗೋದು ನೀರು ಮತ್ತೆ ಉಪ್ಪು. ಬೋಟಿಗೆ ಹೋಗುವಾಗ ಉಪ್ಪು ಹಾಕಿದ ನೀರು ಮಜ್ಜಿಗೆ, ಇಲ್ಲಾ ಮುರುಗಲ ಸಿಪ್ಪೆ ನೆನೆಸಿದ ನೀರಿಗೆ ಉಪ್ಪು, ಚೂರು ಬೆಲ್ಲ ಹಾಕಿ ಬಾಟ್ಲಿ ತುಂಬಿಸಿ ಕೊಡಿ, ಜೊತೆಗೆ ಸಾದಾ ನೀರೂ ಇರ್ಲಿ. ಬೆಳಿಗ್ಗೆ ಗಂಜಿ ಉಪ್ಪಿನಕಾಯಿ ತಿಂದು ಹೋಗೋರಿಗೆ ಅರ್ಧ ಕೆಲಸ ಅಲ್ಲೇ ಆಗಿರ್ತದೆ. ಅತ್ತೆಯ ಪಾನಕಕ್ಕೆ ಇದೇ ಸರಿಯಾದ ಜಾಗ. ತಂದ ಪೌಡರನ್ನ ಎಸೀಬೇಡಿ, ಯಜಮಾನ್ರು ಕುಡೀಲಿ, ಆದ್ರೆ ಒಂದು ಸಲಕ್ಕೆ ಸೋಡಿಯಂ ಎಷ್ಟು ಮಿಲಿಗ್ರಾಂ ಅಂತ ನೋಡಿ, ಬರೀ ಬಣ್ಣ ಮತ್ತೆ ವಿಟಮಿನ್ ಇದ್ರೆ ಅದಕ್ಕೆ ಮತ್ತೆ ದುಡ್ಡು ಹಾಕೋದು ಬೇಡ. ಬಿಸಿಲಿಗೆ ಮಾತು ತೊದಲಿ ಮೈ ಕಾದು ಬಿದ್ರೆ ಮಾತ್ರ ಬಾಯಿಗೆ ಏನೂ ಹೊಯ್ಯಬಾರದು, ಮೈಗೆ ನೀರು ಹಾಕಿ ಗಾಳಿ ಬೀಸ್ತಾ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು.

ಪ್ರಶ್ನೆ: ನಮ್ಮ ಮಾವನೋರಿಗೆ ಕಿಡ್ನಿ ತೊಂದರೆ ಅದೆ, ಬಿಪಿ ಮಾತ್ರೆನೂ ತಗೊಳ್ತಾರೆ. ತೋಟದಲ್ಲಿ ಎಳನೀರು ಬೇಕಾದಷ್ಟು ಅದೆ, ಸುಸ್ತಾದಾಗ ಕೊಡ್ಬಹುದಾ?
– ಶಿರಸಿಯ ಓದುಗರು

ಉತ್ತರ: ಡಾಕ್ಟರನ್ನ ಕೇಳದೇ ಕೊಡಬೇಡಿ. ಎಳನೀರಲ್ಲಿ ಪೊಟ್ಯಾಸಿಯಂ ತುಂಬಾ ಇದೆ, ಸೋಡಿಯಂ ಕಮ್ಮಿ. ಕಿಡ್ನಿ ಸರಿ ಇದ್ರೆ ಹೆಚ್ಚಾದ ಪೊಟ್ಯಾಸಿಯಂ ಮೂತ್ರದಲ್ಲಿ ಹೋಗ್ತದೆ, ಇಲ್ಲಾಂದ್ರೆ ರಕ್ತದಲ್ಲೇ ಉಳಿದು ಹೃದಯದ ಬಡಿತ ಕೆಡಿಸ್ತದೆ, ಕೆಲವು ಬಿಪಿ ಮಾತ್ರೆನೂ ಪೊಟ್ಯಾಸಿಯಂ ಏರಿಸ್ತವೆ. ಉಪ್ಪು ಹಾಕಿದ ಅಪ್ಪೆಹುಳಿ (ಮಾವಿನಕಾಯಿಯ ತೆಳು ಸಾರು), ಮಜ್ಜಿಗೆ, ಓಆರ್‌ಎಸ್ ಪಾಕೀಟು ಯಾವುದೂ ಅವರಿಗೆ ನಮ್ಮ ಲೆಕ್ಕದಲ್ಲಿ ಕೊಡೋದಲ್ಲ. ದಿನಕ್ಕೆ ಎಷ್ಟು ನೀರು, ಎಷ್ಟು ಉಪ್ಪು ಅಂತ ಡಾಕ್ಟರ್ ಹತ್ರ ಚೀಟಿಯಲ್ಲಿ ಬರೆಸ್ಕೊಂಡು ಅಡುಗೆಮನೇಲಿ ಅಂಟಿಸಿ.

ಪ್ರಶ್ನೆ: ಕಲಸಿದ ಓಆರ್‌ಎಸ್ ಉಳಿದ್ರೆ ಫ್ರಿಜ್ಜಲ್ಲಿಟ್ಟು ಎರಡು ಮೂರು ದಿನ ಕೊಡ್ಬಹುದಾ?
– ಕುಮಟಾದ ಓದುಗರು

ಉತ್ತರ: ಬೇಡ. 24 ಗಂಟೆ ಆದ್ಮೇಲೆ ಚೆಲ್ಲಿ, ಹೊಸ ಪಾಕೀಟು ಒಡೀರಿ. ಮನೇಲಿ ಮಾಡಿದ ಉಪ್ಪು ಸಕ್ರೆ ನೀರಿಗೂ ಅಷ್ಟೇ ಸಮಯ. ಕಲಸಿದ ಮೇಲೆ ಮತ್ತೆ ಕುದಿಸಬೇಡಿ, ನೀರು ಆವಿಯಾಗಿ ಉಪ್ಪಿನ ಅಳತೆ ಏರ್ತದೆ.